ಕಾದ ಗಾಜಿಗೆ ಬಣ್ಣವಿಲ್ಲ

“ಕದಲಿದ್ರೆ ಮೀಸೆ ಒಂದೇ ಅಲ್ಲ... ಮೂತಿನೇ ಓಯ್ತದೆ!”

ಗಾಜು ಬೆಸೆಯುವ ನೀಲಿ ಉರಿ ನನ್ನ ಮೂಗಿನಿಂದ ನಾಲ್ಕೇ ಬೆರಳು ದೂರ. ಹಿಡಿದಿದ್ದವನು ಮುದುಕ ಮುನಿಸ್ವಾಮಪ್ಪ. ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸಿನ ಒಂದು ಸಣ್ಣ ಲ್ಯಾಬೊರೇಟರಿಗೆ ಮೂವತ್ತು ವರ್ಷ ಗಾಜಿನ ಕೊಳವೆ ಬೆಸೆದುಕೊಟ್ಟವನು. ಅವನ ಹೆಂಡತಿ ಅಮ್ಮಾಜಮ್ಮ ಹಿಂದೆ ನಿಂತು ಕಾಲಲ್ಲಿ ತಿದಿ ತುಳಿಯುತ್ತಿದ್ದಳು. ತುಳಿದಷ್ಟೂ ಉರಿ ಉದ್ದವಾಗುತ್ತಿತ್ತು!

ನಾನು ಹೆದರಿದ್ದು ಅದಕ್ಕಲ್ಲ. ಮುದುಕನ ಕೈ ನಡುಗುತ್ತಿತ್ತು... ಗಡಗಡ! ಬೇಕೆಂದೇ ಸುಡುವವನನ್ನಾದರೂ ನಂಬಬಹುದು ಸ್ವಾಮಿ. ಕೈ ನಡುಗುವವನನ್ನು ಹೇಗೆ ನಂಬೋದು?

ನಾನು ಚಲಪತಿ. ಹಿಂದೆ ಗಣಿಯೊಳಗೆ ಡ್ರಿಲ್ ಹಿಡಿದವನು. ಸಾವಿರದ ಒಂಬೈನೂರ ಅರವತ್ನಾಲ್ಕರ ಹೊತ್ತಿಗೆ, ಪೊಲೀಸರ ಹತ್ತಿರ ಹೋಗಲಾರದವರೆಲ್ಲ ನನ್ನನ್ನು ಹುಡುಕಿಕೊಂಡು ಬಂಗಾರಪೇಟೆಗೆ ಬರುತ್ತಿದ್ದರು.

ಈ ಸಲ ಬಂದವನು ಕದಿರಪ್ಪ. ಅದೇ ಲ್ಯಾಬೊರೇಟರಿಯ ಸ್ಟೋರ್ ಕೀಪರ್. ನನ್ನ ಜೀವದ ಗೆಳೆಯ. ಬಾಯಿಮಾತಿಗೆ ಹೇಳುತ್ತಿಲ್ಲ... ಐವತ್ತೆಂಟರಲ್ಲಿ ಗಣಿಯೊಳಗೆ ಬಂಡೆ ಸಿಡಿದಾಗ ನನ್ನನ್ನು ಎಳೆದು ಹೊರಗೆ ತಂದ ಕೈ ಅವನದು.

“ಮೂರು ವರ್ಸ ಕೂತು ಗಾಜು ಬೆಸೆಯೋ ಮೆಷಿನ್ ಮಾಡ್ದೆ ಕಣ್ಲಾ. ಆ ಮುದುಕ ಎತ್ಕೊಂಡೋಗವ್ನೆ. ಬೆಂಗ್ಳೂರು ಕಂಪನಿ ಆಫೀಸರ್ ಅದನ್ನ ನೋಡಾಕೆ ಇವತ್ತು ಅನ್ನೊಂದಕ್ಕೆ ಲಾಡ್ಜಿಗೆ ಬತ್ತಾನೆ. ತಂದ್ಕೊಡ್ಲಾ!”

ಕದಿರಪ್ಪ ಕೇಳಿದ ಮೇಲೆ ಮುಗಿಯಿತು. ನಾನು ಮರುಪ್ರಶ್ನೆ ಹಾಕಲಿಲ್ಲ. ನಡುಗುವ ಕೈ ಎಲ್ಲಾದರೂ ಮೆಷಿನ್ ಮಾಡುತ್ತದಾ?

ಹಾಗೆಂದುಕೊಂಡೇ ರೈಲ್ವೆ ಸ್ಟೇಷನ್ ಹಿಂದಿನ ಈ ಶೆಡ್ಡಿಗೆ ನುಗ್ಗಿದ್ದೆ. ಈಗ ಮುಖದ ಮುಂದೆ ಬೆಂಕಿ!

ಕೆಳಗೆ ನೋಡಿದೆ. ತಿದಿಯ ರಬ್ಬರ್ ಪೈಪು ನನ್ನ ಬೂಟಿನ ಪಕ್ಕದಲ್ಲೇ ಇತ್ತು.

ಮೆಟ್ಟಿದೆ!

ಉರಿ ಕುಸಿಯಿತು. ಮುದುಕನನ್ನು ಪಕ್ಕಕ್ಕೆ ತಳ್ಳಿ ಬೆಂಚಿಗೆ ಹಾರಿದೆ. ಮೆಷಿನ್ ಅಲ್ಲೇ ಇತ್ತು. ಒಂದು ಹಲಗೆ, ಹೊಲಿಗೆ ಮೆಷಿನ್ನಿನ ಮೋಟರು, ಎರಡು ಕಡೆ ಎರಡು ಹಿಡಿ. ಕೊಳವೆಯ ಎರಡು ತುದಿಯನ್ನೂ ಹಿಡಿದು ಒಂದೇ ವೇಗದಲ್ಲಿ ತಿರುಗಿಸುತ್ತೆ. ವೇಗಕ್ಕೆ ಕಾಲಿನ ಪೆಡಲ್.

ಅದಕ್ಕೆ ಸಿಕ್ಕಿಸಿದ್ದ ಗಾಜಿನ ಕೊಳವೆಗೆ ಕೈ ಹಾಕಿದೆ.

“ತಡಿಯಪ್ಪಾ! ಕೊಳವೆ ಇನ್ನೂ ಕಾದೈತೆ... ಸುಟ್ಕೊಂತೀಯ!”

ಗಾಜು ಕೆಂಪಗೇನೂ ಇರಲಿಲ್ಲ. ಆದರೂ ಮುದುಕ ಮುಟ್ಟದೆ, ತನ್ನ ಕೈಯ ಹಿಂಬದಿಯನ್ನು ಅದರ ಹತ್ತಿರ ಹಿಡಿದು ಕಾವು ನೋಡಿದ. ಆಮೇಲೆ ಕೊಳವೆಯನ್ನು ಬಟ್ಟೆಯಲ್ಲಿ ಹಿಡಿದು ಮೆಷಿನ್ನಿನಿಂದ ಬಿಡಿಸಿದ. ದೋಚಲು ಬಂದವನ ಕೈ ಸುಡಬಾರದಂತೆ! ಎಂಥ ನಾಟಕ ಅಂದುಕೊಂಡೆ.

ಮೆಷಿನ್ನನ್ನು ಗೋಣಿಚೀಲಕ್ಕೆ ಹಾಕಿ ಓಡಿದೆ.

“ನಿನ್ ಮನೆ ಆಳಾಗ! ನಿಲ್ಲೋ ಕಳ್ಳಾ!”

ಅಮ್ಮಾಜಮ್ಮ! ಕೈಯಲ್ಲಿ ಒನಕೆ! ಕಡಲೆಕಾಯಿ ಮೂಟೆಗಳನ್ನು ಹಾರಿದೆ. ಲೆವೆಲ್ ಕ್ರಾಸಿಂಗ್ ಗೇಟು ಬೀಳುತ್ತಿತ್ತು. ಬಗ್ಗಿ ನುಸುಳಿದೆ. ನನ್ನ ಬೆನ್ನ ಹಿಂದೆಯೇ ಗೂಡ್ಸ್ ಗಾಡಿ ಧಡಧಡ ಹಾದುಹೋಯಿತು. ಬದುಕಿದೆ.

ಲಾಡ್ಜಿನ ಮಹಡಿಯ ರೂಮಿನಲ್ಲಿ ಆಫೀಸರ್ ಆಗಲೇ ಗಡಿಯಾರ ನೋಡುತ್ತಿದ್ದ. ಕದಿರಪ್ಪ ನನ್ನನ್ನು ತಬ್ಬಿಕೊಂಡ. ಇನ್ನೊಂದು ತಿದಿ, ಇನ್ನೊಂದು ಉರಿ ಸಿದ್ಧವಾಗಿತ್ತು. ತಿದಿ ತುಳಿದವನು ನಾನೇ!

ಕದಿರಪ್ಪ ಪೆಡಲ್ ಒತ್ತಿದ. ಎರಡು ತುಂಡು ಗಾಜು ತಿರುಗಿದವು, ಕೆಂಪಾದವು, ಕೂಡಿಕೊಂಡವು. ಉರಿ ಸರಿಸಿದ. ಕೆಂಪು ಆರಿತು.

“ನೋಡಿ ಸಾರ್, ನನ್ನ ಕೈಕೆಲಸ!”

ಬೆಸುಗೆಯ ಜಾಗಕ್ಕೇ ಬರಿಗೈ ಹಾಕಿದ.

“ಅಯ್ಯಯ್ಯೋ... ಸತ್ನಲ್ಲೋ!”

ಗಾಜು ನೆಲಕ್ಕೆ ಬಿದ್ದು ಚೂರಾಯಿತು. ಅಂಗೈ ಬೊಬ್ಬೆ ಎದ್ದಿತ್ತು. ನನಗೆ ಮುದುಕ ನೆನಪಾದ.

“ಕದಿರಾ... ಕೈ ಇಂಬದಿ ಇಡಿದು ನೋಡ್ಲಿಲ್ಲ ಯಾಕ್ಲಾ?”

“ಏನ್ ಇಂಬದಿ?”

ಮೂರು ವರ್ಷ ಗಾಜಿನ ಮುಂದೆ ಕೂತವನಿಗೆ ಅದೂ ಗೊತ್ತಿಲ್ಲ!

ಅವನು ನನ್ನ ಕಿವಿಗೆ ಬಾಯಿಟ್ಟ. “ಗೊತ್ತಾಯ್ತಾ? ಬಾಯ್ ಮುಚ್ಕೊಂಡಿರು. ಅವತ್ತು ನಿನ್ನ ಎಳ್ಕೊಂಡ್ ಬಂದೋನು ನಾನು.”

ಆರು ವರ್ಷ ಮನಸ್ಸಿನಲ್ಲೇ ಕೈಮುಗಿದಿದ್ದೆ ಆ ಕೈಗೆ. ಅದೇ ಕೈ ನನ್ನನ್ನು ಕಳ್ಳನನ್ನಾಗಿ ಮಾಡಿತ್ತು! ನಂಬಿಸಿ ಕತ್ತು ಕೊಯ್ಯುವುದು ಅಂದರೆ ಇದೇ.

ಬಾಗಿಲು ದಡಾರನೆ ತೆರೆಯಿತು. ನನ್ನ ಜಾಡು ಹಿಡಿದು ಬಂದ ಅಮ್ಮಾಜಮ್ಮ, ಹಿಂದೆ ಏದುಸಿರು ಬಿಡುತ್ತ ಮುದುಕ.

“ಕೈ ನಡುಗ್ತದೆ, ತಿಂಗ್ಳ ಕೊನೆಗೆ ಮನೆಗೋಗು ಅಂದವ್ರೆ ಲ್ಯಾಬೊರೇಟರಿಯೋರು ನಮ್ಮೋರ್ನ! ಅದಕ್ಕೇ ಮಾಡಿದ್ದು ಅದನ್ನ. ನನ್ ಒಲಿಗೆ ಮೆಷಿನ್ ಮೋಟ್ರೇ ಬಿಚ್ಚಿ ಆಕವ್ರೆ!”

“ಸುಳ್ಳು!” ಕದಿರಪ್ಪ ಅರಚಿದ.

“ನಿಜ ಸಾರ್,” ಅಂದೆ ನಾನು. “ಇವರ ಮೆಷಿನ್ನು. ಕದ್ದು ತಂದೋನು ನಾನು. ಕದಿಯೋಕೆ ಕಳಿಸಿದೋನು ಇವನು.”

ಕದಿರಪ್ಪನ ಎಡಗೈಯಲ್ಲಿ ಸ್ಪ್ಯಾನರ್ ಎದ್ದಿತು! ತಲೆ ತಗ್ಗಿಸಿದೆ. ಗೋಡೆಯ ಗಾರೆ ಉದುರಿತು. ದವಡೆಗೆ ಒಂದೇ ಏಟು ಕೊಟ್ಟೆ... ಕೆಳಗೆ ಕೂತ.

“ಏನ್ ನೋಡ್ತೀಯ? ತುಳಿ!” ಅಮ್ಮಾಜಮ್ಮ ಗದರಿದಳು.

ತುಳಿದೆ. ಮುನಿಸ್ವಾಮಪ್ಪ ಪೆಡಲ್ ಮೇಲೆ ಕಾಲಿಟ್ಟ. ಅವನ ಕೈ ನಡುಗಿತು. ಗಾಜು ನಡುಗಲಿಲ್ಲ. ಬೆಸುಗೆ ಎಲ್ಲಿ ಅಂತ ಹುಡುಕಬೇಕು, ಹಾಗೆ ಕೂಡಿತು! ಆಫೀಸರ್ ಪೆನ್ನು ತೆಗೆದ. “ಹೆಸರು ಹೇಳಿ ಯಜಮಾನ್ರೇ. ಈ ಮೆಷಿನ್ ನಿಮ್ಮ ಹೆಸರಲ್ಲೇ ಬರುತ್ತೆ.” ಮುದುಕ ಮೊದಲು ಕಣ್ಣೊರೆಸಿಕೊಂಡ.

ಕದಿರಪ್ಪ ನಿಧಾನವಾಗಿ ಎದ್ದ. ಬಾಗಿಲ ಹತ್ತಿರ ನಿಂತು, ಸುಡದ ಕೈಯನ್ನು ನನ್ನ ಕಡೆ ಚಾಚಿದ.

“ಅಳೇ ದೋಸ್ತಿ ಚಲಪತಿ... ಮರ್ತುಬಿಡ್ಲಾ.”

ನಾನು ಅಂಗೈ ಕೊಡಲಿಲ್ಲ. ನನ್ನ ಕೈಯ ಹಿಂಬದಿಯನ್ನು ಅವನ ಕೈ ಹತ್ತಿರ ಹಿಡಿದು ನೋಡಿದೆ.

“ಇನ್ನೂ ಕಾದೈತೆ ಕಣ್ಲಾ,” ಅಂದೆ. “ಓಗು.”