ಕೋರ್ಟಿಗೆ ರಜೆ ಇದ್ದ ದಿನ

"ಒಂಬತ್ತನೇ ದಿನ ಕೋರ್ಟ್ ಭೇಟಿ ಅಂತ ಹಾಕಿದೀರಲ್ಲ ಮೇಡಂ, ಆವತ್ತು ಅಲ್ಲಿ ಕೋರ್ಟ್ ನಡೆಯುತ್ತಾ ಅಂತ ನೋಡಿದ್ರಾ?"

ಬಾಗಿಲಲ್ಲೇ ನಿಂತು ಕೇಳಿದ. ಅವಳು ಕಂಪ್ಯೂಟರಿನಿಂದ ತಲೆ ಎತ್ತಿದಳು.

"ನೋಡಿದೀನಿ ಸರ್."

"ಈ ವರ್ಷದ್ದಾ?"

ಅಷ್ಟು ಸಾಕಾಯಿತು. ಹಳೆಯದೆಲ್ಲ ಅವಳ ಕಣ್ಣೆದುರು ಬಂದು ನಿಂತಿತು.

ಅವನು ಕಾನೂನು ಕಾಲೇಜೊಂದರಲ್ಲಿ ಸಾಕ್ಷ್ಯ ಕಾನೂನಿನ ಮೇಷ್ಟ್ರು. ಹುಡುಗರು ಇಟ್ಟ ಅಡ್ಡಹೆಸರು 'ಸ್ಟೇ ಆರ್ಡರ್'. ಪಿಕ್ನಿಕ್ ಅನ್ನಿ, ಸೆಮಿನಾರ್ ಅನ್ನಿ, ಮೊದಲು ತಡೆದು ನಿಲ್ಲಿಸುವುದೇ ಅವನ ಕೆಲಸ. ಅವಳು ಪಾಠ ಮಾಡುವುದು ಅಂತರರಾಷ್ಟ್ರೀಯ ಕಾನೂನು. ಜೊತೆಗೆ ವಿದೇಶಿ ಅಧ್ಯಯನ ಪ್ರವಾಸದ ಹೊಣೆಯೂ ಅವಳದೇ. ಹದಿನಾರು ವಿದ್ಯಾರ್ಥಿಗಳು, ಮೂರು ವಾರ, ಬೇರೆ ದೇಶದ ಕಾಲೇಜಿನಲ್ಲಿ ಪಾಠ, ಅಲ್ಲಿನ ಕೋರ್ಟುಗಳಲ್ಲಿ ಕೂತು ವಾದ ಕೇಳುವುದು. ಎರಡು ವರ್ಷ ನಿಂತುಹೋಗಿದ್ದ ಪ್ರವಾಸವನ್ನು ಮತ್ತೆ ಶುರು ಮಾಡಿ ಎಂದು ಪ್ರಿನ್ಸಿಪಾಲರು ಇಬ್ಬರ ತಲೆಗೂ ಕಟ್ಟಿದ್ದರು.

ನಿಂತುಹೋದದ್ದಕ್ಕೆ ಕಾರಣವಿತ್ತು. ಹಿಂದಿನ ಸಲ ಒಬ್ಬ ಹುಡುಗಿ ವಾಪಸ್ ಬರಲಿಲ್ಲ.

ಆ ಸಲದ ವೇಳಾಪಟ್ಟಿ ಬರೆದವಳು ಇವಳು. ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಾಗಿತ್ತು, ಇನ್ನೂ ಪ್ರೊಬೇಷನ್. ಕೋರ್ಟಿನ ಕ್ಯಾಲೆಂಡರ್ ನೋಡಿಯೇ ತಾರೀಖು ಹಾಕಿದ್ದಳು. ಆದರೆ ಆ ಕ್ಯಾಲೆಂಡರ್ ಹಿಂದಿನ ವರ್ಷದ್ದು. ಜೊತೆಗೆ ಹೋಗಿದ್ದ ಅವನು ಆ ಬೆಳಿಗ್ಗೆ ತಾನೊಬ್ಬನೇ ಮುಂದಾಗಿ ಹೋಗಿ ನೋಡಿದರೆ ಕೋರ್ಟಿಗೆ ಬೀಗ. ಊರಲ್ಲೇ ಉಳಿದಿದ್ದ ಇವಳಿಗೆ ಅಲ್ಲಿಂದಲೇ ಫೋನ್ ಮಾಡಿದ್ದ. "ರಜೆ ಅಂತೆ ಮೇಡಂ. ಹೆದರ್ಕೋಬೇಡಿ, ಯಾರಿಗೂ ಹೇಳಲ್ಲ." ಹಾಸ್ಟೆಲಿಗೆ ಮರಳಿ, "ಎಲ್ಲರೂ ದಣಿದಿದೀರಿ, ಇವತ್ತು ಕೋರ್ಟ್ ಬೇಡ, ಸುತ್ತಾಡಿ ಬನ್ನಿ" ಅಂದ. ನಾಲ್ವರು ಕೆರೆಗೆ ಈಜಲು ಹೋದರು. ಮೂವರು ಬಂದರು.

ಕಾಲೇಜಿನ ವಿಚಾರಣೆಯಲ್ಲೂ ಅವನು ಅದನ್ನೇ ಬರೆದುಕೊಟ್ಟ. ವಿದ್ಯಾರ್ಥಿಗಳು ದಣಿದಿದ್ದರಿಂದ ಭೇಟಿಯನ್ನು ನಾನೇ ರದ್ದು ಮಾಡಿದೆ. ಆ ಹೇಳಿಕೆಯನ್ನು ಎಲ್ಲರ ಮುಂದೆ ಓದಿದಾಗ ಇವಳು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಅವನ ಬಡ್ತಿ ನಿಂತಿತು, ಸಹೋದ್ಯೋಗಿಗಳು ಕ್ಯಾಂಟೀನಿನಲ್ಲಿ ಅವನ ಮೇಜು ಬಿಟ್ಟು ಕೂರತೊಡಗಿದರು. ಅವನು ಒಂದು ದಿನವೂ ಇವಳ ಹತ್ತಿರ ಅದರ ಸುದ್ದಿ ಎತ್ತಲಿಲ್ಲ.

ಈಗ ಎತ್ತಿದ್ದಾನೆ ಅಂದುಕೊಂಡಳು. ಈ ವರ್ಷದ ಕ್ಯಾಲೆಂಡರ್ ತೆರೆದಿದ್ದ ಕಂಪ್ಯೂಟರ್ ಪರದೆಯನ್ನು ಅವನ ಕಡೆ ತಿರುಗಿಸಿ, "ನೀವೇ ನೋಡ್ಕೊಳ್ಳಿ" ಅಂದಳು, ಸ್ವಲ್ಪ ಗಡುಸಾಗಿಯೇ.

ಅವನು ಕನ್ನಡಕ ಮೇಲೇರಿಸಿ ಬಗ್ಗಿದ. ಅಂಗಿಯ ತೋಳಿಗೆ ಗುಂಡಿ ಇರಲಿಲ್ಲ, ಅಲ್ಲೊಂದು ಸ್ಟೇಪ್ಲರ್ ಪಿನ್ ಹೊಡೆದುಕೊಂಡಿದ್ದ. ಇಂಥ ಮನುಷ್ಯನ ಮೇಲೆ ಎಷ್ಟು ಹೊತ್ತು ಸಿಟ್ಟಾಗಿರಲು ಸಾಧ್ಯ? ಪರದೆ ನೋಡಿದ, ಆಮೇಲೆ ಅವಳನ್ನು ನೋಡಿದ. ಬೇಗ ಕಣ್ಣು ತೆಗೆಯಲಿಲ್ಲ.

"ಚುಚ್ಚೋಕೆ ಕೇಳಿದ್ದಲ್ಲ ಮೇಡಂ. ಈ ಸಲ ಇಬ್ಬರೂ ಒಟ್ಟಿಗೆ ನೋಡೋಣ ಅಂತ."

ಒಟ್ಟಿಗೇ ನೋಡಿದರು, ಆರು ವಾರ. ಒಂದೊಂದು ತಾರೀಖನ್ನೂ ಮೂರು ಮೂರು ಸಲ. ಹಾಸ್ಟೆಲಿಗೆ ಹತ್ತಿರದ ಆಸ್ಪತ್ರೆ ಯಾವುದು, ಯಾರಿಗೆ ಆಸ್ತಮಾ, ಯಾರಿಗೆ ಈಜು ಬರುವುದಿಲ್ಲ. ಅವಳು 'ಬಿಡುವು' ಎಂದು ಬರೆದಲ್ಲೆಲ್ಲ ಅವನು ಕೆಂಪು ಗೀಟು ಎಳೆಯುತ್ತಿದ್ದ.

"ಮಕ್ಕಳನ್ನ ಉಸಿರಾಡೋಕಾದ್ರೂ ಬಿಡ್ತೀರಾ ಸರ್?"

"ಹಾಜರಿ ಕೊಟ್ಟು ಉಸಿರಾಡ್ಲಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಮರುಗಳಿಗೆ ಇಬ್ಬರೂ, ಸಾವಿನ ಮನೆಯಲ್ಲಿ ನಕ್ಕು ಸಿಕ್ಕಿಬಿದ್ದವರ ಹಾಗೆ, ತಲೆ ತಗ್ಗಿಸಿದರು.

ಮನೆಯಲ್ಲಿ ಅಕ್ಕನಿಗೆ ಎಲ್ಲ ಗೊತ್ತಾಗಿಬಿಟ್ಟಿತ್ತು. ಅಕ್ಕಂದಿರಿಗೆ ಹೇಳಬೇಕೇ? "ಆ ಸ್ಟೇ ಆರ್ಡರ್ ತೆರವು ಮಾಡಿಸೋಕೆ ನೀನೇ ಒಂದು ಅರ್ಜಿ ಹಾಕ್ಬಾರ್ದೇನೇ? ಫೋನ್ ಬಂದ್ರೆ ಸಾಕು, ಬಾಲ್ಕನಿಗೆ ಓಡ್ತೀಯ."

"ಅರ್ಜಿ ಹಾಕೋಕೆ ನನ್ನ ಕೈ ಶುದ್ಧ ಇಲ್ಲಕ್ಕಾ."

ತಂಗಿ ತಮಾಷೆಗೆ ಅಂದಳೆಂದು ಅಕ್ಕ ನಗಲು ಹೊರಟವಳು, ಮುಖ ನೋಡಿ ಪಕ್ಕಕ್ಕೆ ಬಂದು ಕೂತಳು.

ವೇಳಾಪಟ್ಟಿ ಮುಗಿದ ಮಧ್ಯಾಹ್ನ ಅವನು ಪೆನ್ನಿನ ಮುಚ್ಚಳ ಹಾಕುತ್ತ, ತೆಗೆಯುತ್ತ ಕೂತಿದ್ದ. "ಜೊತೆಗೆ ಇಬ್ಬರು ಮೇಷ್ಟ್ರು ಹೋಗ್ಬೇಕು. ನನ್ನ ಹೆಸರಿನ ಕೆಳಗೆ ನಿಮ್ಮದು ಬರೀಲಾ?"

"ಬರೀರಿ."

"ಎಲ್ಲರನ್ನೂ ನೆಟ್ಟಗೆ ವಾಪಸ್ ಕರ್ಕೊಂಡು ಬಂದ ಮೇಲೆ ನಿಮ್ಮನ್ನ ಒಂದು ಮಾತು ಕೇಳೋದಿದೆ."

"ಈಗಲೇ ಕೇಳಿ."

"ಊಹೂಂ. ಬಂದ ಮೇಲೆ." ಹೇಳುವಾಗ ಕಿವಿಯ ತುದಿ ಕೆಂಪಾಗಿತ್ತು.

ಯಾವ ಮಾತೆಂದು ಅವಳಿಗೆ ಗೊತ್ತಿತ್ತು. ಹೂಂ ಅನ್ನಲು ಜೀವವೆಲ್ಲ ಕಾದಿತ್ತು. ಆದರೆ ಆ ಹೂಂ ನಿಲ್ಲಬೇಕಾದದ್ದು ಹುಡುಗಿಯೊಬ್ಬಳ ಸಾವಿನ ಸುತ್ತ ಕಟ್ಟಿದ ಸುಳ್ಳಿನ ಮೇಲೆ. ಬಾಯಿ ಬಿಟ್ಟರೆ ಅವಳ ಕೆಲಸ ಹೋಗುತ್ತದೆ. ಸುಳ್ಳು ಹೇಳಿಕೆ ಕೊಟ್ಟ ಸಾಕ್ಷ್ಯದ ಮೇಷ್ಟ್ರೂ ಉಳಿಯುವುದಿಲ್ಲ. ಬಾಯಿ ಬಿಡದಿದ್ದರೆ ಅವನ ಮುಖವನ್ನು ನೋಡುತ್ತ ಬಾಳುವುದು ಹೇಗೆ?

ಶನಿವಾರ ಬೆಳಿಗ್ಗೆ ಪೋಷಕರ ಸಭೆ. ಅವನು ನಿಯಮಗಳನ್ನು ಓದಿ ಹೇಳುತ್ತಿದ್ದಾಗ ಕೊನೆಯ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತಳು. ಸಭೆಗೆ ಆಕೆಯನ್ನು ಯಾರೂ ಕರೆದಿರಲಿಲ್ಲ. ತೀರಿಹೋದ ಹುಡುಗಿಯ ತಾಯಿ.

"ಮೇಷ್ಟ್ರೇ, ಈ ಸಲನೂ ನೀವೇ ಹೋಗೋದಾ?"

"ಹೌದಮ್ಮ."

"ಆವತ್ತು ಬೆಳಿಗ್ಗೆ ಮಗಳು ಫೋನ್ ಮಾಡಿದ್ಲು. ಇವತ್ತು ಜಡ್ಜ್ ನೋಡೋಕೆ ಹೋಗ್ತೀವಮ್ಮ ಅಂತ ಕುಣೀತಿದ್ಲು. ದಣಿವು ಅಂದವಳಲ್ಲ. ನೀವು ದಣಿವು ಅಂತ ಬರೆದ್ರಿ. ಎರಡು ವರ್ಷದಿಂದ ತಲೆ ಕೆಡಿಸ್ಕೊಂಡಿದೀನಿ. ದಣಿವು ಆಗಿದ್ದು ಯಾರಿಗೆ? ನಿಮಗಾ?"

ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದ.

"ಹೌದಮ್ಮ. ನನಗೇ."

ಅದನ್ನು ಕೇಳಿಸಿಕೊಂಡು ಕೂತಿರಲು ಅವಳಿಂದ ಆಗಲಿಲ್ಲ. ಯಾವಾಗ ಎದ್ದು ನಿಂತಳೋ ಅವಳಿಗೇ ತಿಳಿಯದು.

"ಸುಳ್ಳಮ್ಮ. ಯಾರಿಗೂ ದಣಿವಾಗಿರಲಿಲ್ಲ. ಆವತ್ತು ಕೋರ್ಟಿಗೆ ರಜೆ. ಹಳೇ ವರ್ಷದ ಕ್ಯಾಲೆಂಡರ್ ನೋಡಿ ತಾರೀಖು ಹಾಕಿದವಳು ನಾನು. ನನ್ನ ತಪ್ಪು ಮುಚ್ಚೋಕೆ ಸರ್ ಹಾಗೆ ಹೇಳಿದ್ರು. ನಾನು ಸುಮ್ಮನಿದ್ದೆ."

"ಕೂತ್ಕೊಳ್ಳಿ ಮೇಡಂ," ಅಂದ ಅವನು.

ತಾಯಿ ಅವಳನ್ನು ನೋಡಿದಳು. ಆಮೇಲೆ ಅವನನ್ನು. ಏನು ಕಂಡಿತೋ ಆಕೆಗೆ.

"ಅಂದ್ರೆ ನೀವು ಇವರನ್ನ ಕಾಪಾಡಿದ್ರಿ," ಅಂದಳು ಅವನಿಗೆ. "ನನ್ನ ಮಗಳನ್ನ ಕಾಪಾಡೋ ಕೆಲಸ ಯಾರದಾಗಿತ್ತು ಮೇಷ್ಟ್ರೇ?"

ಉತ್ತರಕ್ಕೆ ಕಾಯದೆ, ಕುರ್ಚಿಗಳನ್ನು ಒಂದೊಂದಾಗಿ ಆಸರೆ ಹಿಡಿಯುತ್ತ ಮೆಲ್ಲಗೆ ಹೊರಟುಹೋದಳು.

ಪ್ರವಾಸ ಅಲ್ಲಿಗೇ ನಿಂತಿತು. ಸಂಜೆಯೊಳಗೆ ಇಬ್ಬರೂ ಹೇಳಿಕೆ ಬರೆದು ಕೊಡಿ ಎಂದರು ಪ್ರಿನ್ಸಿಪಾಲರು. ಒಂದೇ ಮೇಜಿನ ಎರಡು ಬದಿಗೆ ಕೂತು ಬರೆದರು.

"ಯಾಕೆ ಹೇಳಿದ್ರಿ?" ಅಂದ ತಲೆ ಎತ್ತದೆ. "ನಾನು ಹೊತ್ಕೊಂಡಿದ್ದೆನಲ್ಲ."

"ನೀವು ಹೊತ್ಕೊಂಡಿದ್ದನ್ನ ನೋಡ್ತಾ ನೋಡ್ತಾ ನಾನು ಸಣ್ಣವಳಾಗಿಹೋಗಿದ್ದೆ ಸರ್."

ಅವನು ತನ್ನ ಹಾಳೆಯನ್ನು ಅವಳ ಕಡೆ ತಳ್ಳಿದ. ನಡೆದದ್ದೆಲ್ಲ ಇತ್ತು. ಸುಳ್ಳು ಹೇಳಿದ್ದಕ್ಕೆ ಕಾರಣ ಎಂಬಲ್ಲಿ ಒಂದೇ ಸಾಲು. ನಾನು ಅವರನ್ನು ಪ್ರೀತಿಸುತ್ತಿದ್ದೆ.

"ಇದನ್ನ ತೆಗೀರಿ," ಅಂದಳು. "ಇದನ್ನ ಓದಿದ್ರೆ ನಿಮ್ಮನ್ನ ಉಳಿಸ್ಕೊಳ್ತಾರಾ?"

"ಉಳಿಸ್ಕೊಳ್ಳಲ್ಲ. ಆದ್ರೆ ಎರಡು ವರ್ಷದ ಹಿಂದೆ ಅರ್ಧ ಬರೆದಿದ್ದೆ ಮೇಡಂ. ಈ ಸಲ ಪೂರ್ತಿ ಬರೀಬೇಕು."

ಅವಳು ತನ್ನ ಹಾಳೆ ಕೊಟ್ಟಳು. ಸುಮ್ಮನಿದ್ದುದಕ್ಕೆ ಕಾರಣ: ಕೆಲಸ ಹೋಗುವ ಭಯ. ಆಗ ಬೇರೆ ಯಾವ ಕಾರಣವೂ ಇರಲಿಲ್ಲ. ಅವರ ಮೇಲೆ ಪ್ರೀತಿ ಬಂದದ್ದು ಆಮೇಲೆ. ಬಂದ ಮೇಲೂ ಸುಮ್ಮನಿದ್ದೆ.

ಅವನು ಅದನ್ನು ಎರಡು ಸಲ ಓದಿದ. ಕೇಳಬೇಕೆಂದಿದ್ದ ಮಾತನ್ನು ಇನ್ನು ಕೇಳುವ ಅಗತ್ಯವಿರಲಿಲ್ಲ. ಬಗ್ಗಿ ಅಂಗೈಯಿಂದ ಕಣ್ಣೊರೆಸಿಕೊಂಡ. ಅವಳು ಮೇಜಿನ ಮೇಲಿದ್ದ ಅವನ ಇನ್ನೊಂದು ಕೈಯನ್ನು ಹಿಡಿದುಕೊಂಡಳು. ಅದು ತಣ್ಣಗಿತ್ತು. ಅವನು ಬಿಡಿಸಿಕೊಳ್ಳಲಿಲ್ಲ.

"ಇವೆರಡರ ಒಂದೊಂದು ಪ್ರತಿ ಆ ತಾಯಿಗೂ ಸಲ್ಲಬೇಕು," ಅಂದ ಅವನು.

"ಪ್ರೀತಿ ಅಂತ ಬರೆದಿರೋದನ್ನೂ ಓದ್ತಾರೆ."

"ಓದ್ಲಿ. ಅವರ ಮಗಳನ್ನ ಕಾಪಾಡೋಕೆ ಯಾವುದು ಅಡ್ಡ ಬಂತು ಅಂತ ಅವರಿಗೆ ಗೊತ್ತಾಗ್ಲಿ. ಅಂಚೆಗೆ ಹಾಕೋದು ಬೇಡ. ನಾವೇ ಹೋಗಿ ಕೊಡೋಣ."

"ಬಾಗಿಲು ತೆಗೀತಾರಾ?"

"ಗೊತ್ತಿಲ್ಲ," ಅಂದ. "ಇಬ್ಬರೂ ನಿಂತಿರೋಣ."