ಬೇಡವೆಂದ ಗಡಿಯಾರ

ಹನೂರಿನ ಯಶೋದಳಿಗೆ ಸಿಟ್ಟು ಬಂದ ಆ ಬೆಳಿಗ್ಗೆ ಮಾದಪ್ಪನ ಬೆಟ್ಟದ ಹುಲಿಗಳೆಲ್ಲ ಗಂಟುಮೂಟೆ ಕಟ್ಟಿ, ಪಾಲಾರ್ ಹೊಳೆ ದಾಟಿ, ತಮಿಳುನಾಡಿನ ಕಡೆಗೆ ಸಾಲಾಗಿ ನಡೆದುಬಿಟ್ಟವು. ಮರಿಗಳನ್ನು ತಾಯಿ ಹುಲಿಗಳು ಕಂಕುಳಲ್ಲಿ ಎತ್ತಿಕೊಂಡಿದ್ದವು. ನಂಬದವರು ಹೋಗಿ ಹುಲಿಗಳನ್ನೇ ಕೇಳಬಹುದು.

ಹುಲಿಗಳಿಗಾದರೂ ಓಡಲು ಕಾಡಿತ್ತು. ಕೊಳ್ಳೇಗಾಲದ ಪಾರ್ಸೆಲ್ ಗೋಡೌನಿನಲ್ಲಿ, ರಟ್ಟಿನ ಡಬ್ಬಗಳ ನಡುವೆ ನಿಂತಿದ್ದ ಮಣಿಕಂಠನಿಗೆ ಅದೂ ಇರಲಿಲ್ಲ.

ಅವಳು ಒಳಗೆ ಕಾಲಿಟ್ಟಳು. ಗೋಡೆಯ ಫ್ಯಾನು ಹೆದರಿ ನಿಂತೇಹೋಯಿತು. ಕರೆಂಟು ಹೋಗಿತ್ತು ಎನ್ನುವವರೂ ಇದ್ದಾರೆ, ಇರಲಿ.

"ಮಣಿಕಂಠ ಅಂದ್ರೆ ಯಾರು?"

ಆರಡಿ ಎತ್ತರದ, ಸಿನಿಮಾದವರು ಕಂಡರೆ ಕಾರು ನಿಲ್ಲಿಸಿ ಹತ್ತಿಸಿಕೊಂಡು ಹೋಗುವಂಥ ರೂಪಿನ ಯುವಕ ತಲೆ ಎತ್ತಿದ. "ನಾನೇ ಮೇಡಂ."

"ಯಳಂದೂರಲ್ಲಿ ಶಿವನಂಜಯ್ಯನವರ ಮನೆಗೆ ಗಡಿಯಾರ ಕೊಟ್ಟೋರು ನೀವೇನಾ? ಆ ಆರ್ಡರ್ ನಾನು ಕ್ಯಾನ್ಸಲ್ ಮಾಡಿವ್ನಿ. ಕ್ಯಾನ್ಸಲ್ ಆಯ್ತು ಅಂತ ಮೆಸೇಜೂ ಬಂದದೆ. ಮತ್ತೆ ಎಂಗೆ ಕೊಟ್ರಿ?"

ಅವನು ತನ್ನ ಫೋನು ನೋಡಿದ. "ಓಟಿಪಿ ಕೊಟ್ಟವ್ರೆ ಮೇಡಂ. ಅದಿಲ್ದೆ ಇದು ಮುಂದಕ್ಕೇ ಓಗಕಿಲ್ಲ."

"ಯಾರು ಕೊಟ್ಟದ್ದು? ನಾನಂತೂ ಕೊಟ್ಟಿಲ್ಲ."

ಮಣಿಕಂಠ ಏನೋ ಹೇಳಲು ಬಾಯಿ ತೆರೆದ. ಅವಳ ಕೆಂಪಾದ ಕಣ್ಣುಗಳನ್ನು ನೋಡಿದ. ಬಾಯಿ ಮುಚ್ಚಿಕೊಂಡ.

ಆ ಮೌನವೇ ಅವಳಿಗೆ ಸಾಕ್ಷಿಯಾಯಿತು. 'ಕಳ್ಳ... ನೋಡೋಕೆ ಮಾತ್ರ ಸಾಧು. ತಾನೇ ಏನೋ ಒತ್ತಿ ಕೈತೊಳೆದುಕೊಂಡಿದ್ದಾನೆ.'

"ನಿಮ್ಮ ಮೇಲೆ ಕಂಪ್ಲೇಂಟ್ ಕೊಡ್ತೀನಿ," ಎಂದು ಹೇಳಿ ಹೊರಟಳು.

ಒಂದು ಗಡಿಯಾರಕ್ಕೆ ಇಷ್ಟೊಂದು ಸಿಟ್ಟೇ ಎಂದು ಕೇಳಬೇಡಿ. ಅದು ಬರೀ ಗಡಿಯಾರವಾಗಿರಲಿಲ್ಲ.

ಯಶೋದ ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟುವವಳು. ಕೊಳ್ಳೇಗಾಲದ ಅಂಗಡಿಗಳಿಂದ ಸೀರೆ ತಂದು, ಹನೂರಿನ ಮನೆಯ ಜಗುಲಿಯಲ್ಲಿ ಕೂತು, ಸೆರಗಿನ ಎಳೆಗಳನ್ನು ಹೊಸೆದು ಗಂಟು ಹಾಕುವಳು. ಅವಳ ಕುಚ್ಚು ನೋಡಿ ಸೀರೆ ಮರೆತು ಬರೀ ಕುಚ್ಚು ಕೊಂಡು ಹೋದವರಿದ್ದಾರಂತೆ. ಅವಳಿಗೆ ಇದ್ದದ್ದು ಸಾಕಿ ಬೆಳೆಸಿದ ಅಜ್ಜಿ ವೀರಮ್ಮ ಒಬ್ಬಳೇ.

ಯಳಂದೂರಿನ ಶಿವನಂಜಯ್ಯನವರ ಮಗ ಶಾಂತರಾಜುವಿಗೆ ಅವಳನ್ನು ಕೊಡುವ ಮಾತಾಗಿತ್ತು. ತಾಂಬೂಲವೂ ಬದಲಾಗಿತ್ತು. ಆ ಸಂಭ್ರಮದಲ್ಲಿ ಅವಳು ಇಬ್ಬರ ಫೋಟೋ, ಇಬ್ಬರ ಹೆಸರು ಇರುವ ಗೋಡೆ ಗಡಿಯಾರವನ್ನು ಆ್ಯಪಿನಲ್ಲಿ ಆರ್ಡರ್ ಮಾಡಿ, ಗಂಡಿನ ಮನೆಯ ವಿಳಾಸ ಕೊಟ್ಟಿದ್ದಳು.

ಆಮೇಲೊಂದು ದಿನ ಶಿವನಂಜಯ್ಯನವರು, ತಮ್ಮ ಮನೆಯ ಸೊಸೆ ಊರವರ ಸೀರೆಗೆಲ್ಲ ಗಂಟು ಹಾಕುತ್ತ ಕೂರುವಂತಿಲ್ಲ ಎಂದರು. ಶಾಂತರಾಜು ತಲೆ ತಗ್ಗಿಸಿ ಫೋನು ತೀಡುತ್ತಿದ್ದ. ಯಶೋದ ಹಾಗಾದರೆ ಈ ಸಂಬಂಧವೇ ಬೇಡ ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಮತ್ತೆ ಹೇಳಿದಳು. ಕೊನೆಗೆ ತಾನೇ ಹೋಗಿ ತಾಂಬೂಲ ಹಿಂದಿರುಗಿಸಿ ಬಂದಳು. ಬರುವಾಗ ಬಸ್ಸಿನಲ್ಲೇ ಗಡಿಯಾರವನ್ನೂ ರದ್ದು ಮಾಡಿದಳು.

ಮೂರು ವಾರವಾದ ಮೇಲೆ ಆ ರದ್ದಾದ ಗಡಿಯಾರ ಯಳಂದೂರಿಗೆ ಹೋಗಿ ಬಾಗಿಲು ತಟ್ಟಿತು!

ಆ ಎರಡು ಮನೆಗಳ ಹಿರಿಯರಿಗೆ ಒಂದು ಪದ್ಧತಿ. ತಾಂಬೂಲ ಮುರಿದ ಮೇಲೆ ಹೆಣ್ಣಿನ ಕಡೆಯಿಂದ ಏನಾದರೂ ಬಂದು, ಗಂಡಿನ ಕಡೆಯವರು ಅದನ್ನು ಒಳಗಿಟ್ಟುಕೊಂಡರೆ, ಮುರಿದ ಮಾತು ಮತ್ತೆ ಕೂಡಿದಂತೆ. ಶಿವನಂಜಯ್ಯನವರು ಗಡಿಯಾರವನ್ನು ನಡುಮನೆಯಲ್ಲಿ ತೂಗುಹಾಕಿ, ವೀರಮ್ಮನಿಗೆ ಫೋನು ಮಾಡಿ, ಹುಡುಗಿಗೆ ಬುದ್ಧಿ ಬಂದಿದೆ, ಶುಕ್ರವಾರ ಬಂದು ದಿನ ಗೊತ್ತು ಮಾಡುತ್ತೇವೆ ಎಂದುಬಿಟ್ಟರು. ಯಶೋದ ಫೋನು ಕಸಿದುಕೊಂಡು, ನಾನು ಕಳಿಸಿಲ್ಲ ಎಂದಳು. ಅವರು ನಕ್ಕರು. ನಿನ್ನ ಹೆಸರು, ನಿನ್ನ ಫೋಟೋ, ನಿನ್ನ ನಂಬರಿನ ಓಟಿಪಿ, ಇನ್ನಾರು ಕಳಿಸಿದರವ್ವ ಎಂದರು.

'ಹುಡುಗನಿಗೆ ಬೇಡ ಅಂದೆ... ಕೇಳಲಿಲ್ಲ. ಕಂಪನಿಗೆ ಬೇಡ ಅಂದೆ... ಕೇಳಲಿಲ್ಲ. ನನ್ನ ಬಾಯಿಂದ ಬಂದ ಬೇಡ ಅನ್ನೋ ಮಾತಿಗೆ ಬೆಲೆಯೇ ಇಲ್ಲವೇ?'

ಗೋಡೌನಿನಿಂದ ಮನೆಗೆ ಬಂದವಳೇ ಕಸ್ಟಮರ್ ಕೇರಿಗೆ ಫೋನು ಮಾಡಿದಳು. ಕನ್ನಡಕ್ಕೆ ಎರಡು ಒತ್ತಿ ಎಂದಿತು. ಒತ್ತಿದಳು. ಹಿಂದಿಯಲ್ಲಿ ಹಾಡು ಬಂತು. ಆ ಹಾಡು ಮುಗಿಯುವಷ್ಟರಲ್ಲಿ ಹಿತ್ತಲಿನ ನುಗ್ಗೆಮರ ಹೂ ಬಿಟ್ಟು, ಕಾಯಿ ಬಿಟ್ಟು, ಸಾರಿಗೂ ಆಗಿಹೋಯಿತು. ಕೊನೆಗೆ ಸಿಕ್ಕ ದನಿ, ನಿಮ್ಮ ಆರ್ಡರ್ ರದ್ದಾಗಿದೆ, ಹಾಗಾಗಿ ತಲುಪಿರುವುದು ಸಾಧ್ಯವಿಲ್ಲ ಎಂದಿತು. ತಲುಪಿದೆಯಲ್ಲ ಎಂದರೆ, ತಲುಪಿದೆ, ಹಾಗಾಗಿ ರದ್ದಾಗಿರುವುದು ಸಾಧ್ಯವಿಲ್ಲ ಎಂದಿತು. ವಾಪಸ್ ಒಯ್ಯಿರಿ ಎಂದರೆ, ರದ್ದಾದ ಆರ್ಡರಿಗೆ ವಾಪಸ್ ಸೌಲಭ್ಯವಿಲ್ಲವಂತೆ.

ಯಶೋದ ಫೋನನ್ನು ಗೋಡೆಗೆ ಎಸೆಯಲು ಕೈ ಎತ್ತಿದಳು. ಕಂತು ಮುಗಿದಿರಲಿಲ್ಲ. ಇಳಿಸಿದಳು. ಅತ್ತಳು.

ಅತ್ತು ಮುಗಿಸಿ ಗ್ರಾಹಕರ ಸಹಾಯವಾಣಿಗೆ ಫೋನು ಹಚ್ಚಿದಳು. ಅಲ್ಲಿ ಸಿಕ್ಕ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡು ನಿಧಾನವಾಗಿ ವಿವರಿಸಿದರು: ರದ್ದಾಗಿದೆ ಎಂದು ಕಂಪನಿಯೇ ಒಪ್ಪಿದ ಮೇಲೆ ವಸ್ತು ಕಳಿಸಿದ್ದು ಕಂಪನಿಯ ತಪ್ಪು, ಹಿಂದಕ್ಕೆ ಒಯ್ಯುವ ಹೊಣೆಯೂ ಅವರದೇ, ಒಪ್ಪದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ದೂರು ಬರೆಸಿಕೊಂಡರು. ಓಟಿಪಿ ಕದ್ದು ಒತ್ತಿದವನ ಹೆಸರು ಕೇಳಿದಾಗ ಯಶೋದ ಒಂದು ಕ್ಷಣವೂ ತಡೆಯದೆ, ಮಣಿಕಂಠ ಎಂದಳು.

ಕಂಪನಿಗೆ ಅಷ್ಟೇ ಬೇಕಿತ್ತು. ನಮ್ಮ ತಪ್ಪಿಲ್ಲ, ಹುಡುಗನದು ಎಂದು ಉತ್ತರ ಬರೆದು, ಮಣಿಕಂಠನ ಐಡಿಯನ್ನು ಅದೇ ದಿನ ಬ್ಲಾಕ್ ಮಾಡಿ ಕೈಕಟ್ಟಿ ಕೂತಿತು. ಗಡಿಯಾರ ಮಾತ್ರ ಯಳಂದೂರಿನ ಗೋಡೆಯ ಮೇಲೆ ಆರಾಮವಾಗಿ ಟಿಕ್ ಟಿಕ್ ಎನ್ನುತ್ತಿತ್ತು.

ಮಾರನೆಯ ದಿನ ಮಣಿಕಂಠ ಹನೂರಿಗೆ ಬಂದ. ಅವನ ಬೈಕು ಎಬ್ಬಿಸಿದ ಧೂಳಿಗೆ ಮೂರು ಊರು ಕತ್ತಲಾಯಿತು.

ಜಗುಲಿಯಲ್ಲಿ ಕೂತಿದ್ದ ಯಶೋದ ಎದ್ದು ನಿಂತಳು. 'ಜಗಳಕ್ಕೇ ಬಂದಿದ್ದಾನೆ. ಬರಲಿ.'

ಆದರೆ ಅವನು ಚಪ್ಪಲಿ ಕಳಚಿ ಮೆಟ್ಟಿಲ ಕೆಳಗೇ ನಿಂತ. "ಕಂಪ್ಲೇಂಟ್ ವಾಪಸ್ ತಕಬ್ಯಾಡಿ ಮೇಡಂ. ಅದನ್ನ ಯೋಳಕೆ ಬಂದೆ. ನನ್ನ ತೋರ್ಸಿ ಅವ್ರು ತಪ್ಪುಸ್ಕತಾವ್ರೆ. ಕ್ಯಾನ್ಸಲ್ ಆದ ಮ್ಯಾಲೆ ಯಾಕೆ ಪ್ಯಾಕ್ ಮಾಡುದ್ರಿ ಅಂತ ಕೇಳಿ, ಬುಡಬ್ಯಾಡಿ."

"ಕೆಲಸ ಕಳ್ಕಂಡೋರು ನೀವು. ನಂಗ್ಯಾಕೆ ಸಹಾಯ ಮಾಡ್ತೀರಿ?"

ಅವನು ಉತ್ತರ ಕೊಡುವ ಮೊದಲೇ ಒಳಗಿನಿಂದ ಪಾತ್ರೆ ಬಿದ್ದ ಸದ್ದು. ವೀರಮ್ಮ ಬಾಗಿಲಿಗೆ ಬಂದಳು. ಮಣಿಕಂಠನ ಮುಖವನ್ನು ಅವಳು ಎಂದೂ ನೋಡಿರಲಿಲ್ಲ. ದನಿ ಮಾತ್ರ ಗೊತ್ತಿತ್ತು.

"ಬಿಸ್ಲಲ್ಲಿ ನಿಂತಿದ್ದ ಮಗ ನೀನೇ ಅಲ್ವಾ?" ಎಂದಳು.

ಮಣಿಕಂಠ ನೆಲ ನೋಡಿದ.

"ಅವ್ವಯ್ಯಾ... ಯಾವ ಮಗ?" ಯಶೋದ ಇಬ್ಬರ ಮುಖವನ್ನೂ ನೋಡಿದಳು.

ಅಜ್ಜಿ ಹೊಸ್ತಿಲ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿದಳು. ಯಶೋದ ಫೋನನ್ನು ಚಾರ್ಜಿಗೆ ಹಾಕಿ ಸೀರೆ ಕೊಡಲು ಹೋಗಿದ್ದ ಮಧ್ಯಾಹ್ನ ಯಾರೋ ಹುಡುಗ ಫೋನು ಮಾಡಿದ್ದ. ಬಂದಿರುವ ನಂಬರು ಹೇಳಿ ಅಜ್ಜಿ, ಬಿಸಿಲಲ್ಲಿ ನಿಂತಿದ್ದೇನೆ ಅಂದಿದ್ದ. ಬಸ್ಸಿನ ಬೋರ್ಡು ನೋಡಿ ಅಂಕಿ ಕಲಿತಿದ್ದ ವೀರಮ್ಮ, ನೀರು ಕುಡಿದೆಯಾ ಎಂದು ವಿಚಾರಿಸಿ, ಒಂದೊಂದೇ ಅಂಕಿ ಓದಿ ಹೇಳಿದ್ದಳು.

"ನಾನೇ ಕೊಟ್ಬುಟ್ಟೆ ಕಣವ್ವ. ಆಮ್ಯಾಕೆ ನೀನು ಅಳದ ನೋಡಿ ಬಾಯೇ ಬರ್ನಿಲ್ಲ. ಕೂಸಿಗೆ ಯೋಳ್ಬ್ಯಾಡ ಮಗಾ, ಫೋನ್ ಮುಟ್ಟುದ್ರೆ ಬಯ್ತಾಳೆ ಅಂತ ಇವ್ನಿಗೂ ಅಂದಿದ್ದೆ."

ಯಶೋದ ಮಣಿಕಂಠನತ್ತ ತಿರುಗಿದಳು. ಗೋಡೌನಿನಲ್ಲಿ ಅವನು ನುಂಗಿಕೊಂಡ ಮಾತು ಯಾವುದೆಂದು ಈಗ ತಿಳಿಯಿತು.

"ಅದ್ಕೆ ಸುಮ್ನಿದ್ರಾ? ಐಡಿ ಬ್ಲಾಕ್ ಆದ್ರೂನೂವೆ?"

"ಅಜ್ಜಿ ಬ್ಯಾಡ ಅಂದಿದ್ರಲ್ಲ ಮೇಡಂ."

ಬೇಡ ಅಂದಿದ್ದರಲ್ಲ. ಅಷ್ಟೇ! ಯಾರದೋ ಒಂದು 'ಬೇಡ'ವನ್ನು ಈ ಮನುಷ್ಯ ಕೆಲಸ ಕಳೆದುಕೊಂಡೂ ಕಾಪಾಡಿದ್ದ... ಯಶೋದ ಫೋನು ತೆಗೆದು, ಸಹಾಯವಾಣಿಗೆ ನಿಜ ಹೇಳಿ, ಮಣಿಕಂಠನ ಹೆಸರು ತೆಗೆಸಿದಳು. ಕಂಪನಿಯ ಹೆಸರು ಉಳಿಸಿದಳು. ರದ್ದಾದ ದಿನದ ಮೆಸೇಜು ಕಳಿಸಿ, ಆಮೇಲೆ ಪ್ಯಾಕ್ ಮಾಡಿದ್ದು ಯಾರ ಅಜ್ಜಿ ಎಂದು ಕೇಳಿದಳು.

ಗುರುವಾರ ಬೆಳಿಗ್ಗೆ ಕಂಪನಿಯ ಮೆಸೇಜು ಬಂತು: ರದ್ದಾದ ಆರ್ಡರನ್ನು ನಮ್ಮ ತಪ್ಪಿನಿಂದ ಕಳಿಸಲಾಗಿದೆ, ವಿಷಾದಿಸುತ್ತೇವೆ, ವಸ್ತುವನ್ನು ಇಂದೇ ಹಿಂಪಡೆಯುತ್ತೇವೆ. ಹಿಂಪಡೆಯಲು ಬರುವವನ ಹೆಸರು, ಐಡಿ ವಾಪಸ್ ಸಿಕ್ಕಿದ ಮಣಿಕಂಠ.

ಯಳಂದೂರಿಗೆ ಯಶೋದಳೂ ಹೋದಳು. ಶಿವನಂಜಯ್ಯನವರು ಕುರ್ಚಿ ಬಿಟ್ಟು ಏಳಲಿಲ್ಲ. ಮೆಸೇಜು ಓದಿಯೂ, ಬಂದದ್ದು ಬಂದಾಯಿತು, ಒಳಗೆ ತೂಗುಹಾಕಿದ್ದೂ ಆಯಿತು, ಇನ್ನು ಇಳಿಸುವುದು ಅಪಶಕುನ ಎಂದರು. ಶಾಂತರಾಜು ಗೋಡೆಯ ಮೇಲಿನ ತನ್ನ ಫೋಟೋವನ್ನೇ ನೋಡುತ್ತಿದ್ದ.

ಯಶೋದ ಹೊಸ್ತಿಲ ಹೊರಗೇ ನಿಂತಳು.

"ಬ್ಯಾಡ ಅಂದೋಳು ನಾನು. ಕಳ್ಸಿದ್ದು ಕಂಪನಿ. ತಪ್ಪು ನಮ್ದು ಅಂತ ಅವ್ರೇ ಬರ್ದು ಕೊಟ್ಟವ್ರೆ. ನಾನು ಕಳ್ಸದೆ ಇರದು ಈ ಮನೇಲಿ ಎಷ್ಟು ದಿನ ತೂಗಾಡುದ್ರೂ ನನ್ನ ಮಾತಾಗಕಿಲ್ಲ. ನಾಳೆ ನಮ್ಮನೆಗೆ ಬರಬ್ಯಾಡಿ, ಯಜಮಾನ್ರೇ."

ಕೊನೆಗೆ ಕುರ್ಚಿಯಿಂದ ಎದ್ದವನು ಶಾಂತರಾಜು. ಗಡಿಯಾರ ಇಳಿಸಿ, ಬ್ಯಾಟರಿ ಕಿತ್ತು, ಮಣಿಕಂಠನ ಕೈಗಿಟ್ಟ. ಶಿವನಂಜಯ್ಯನವರು ಮುಖ ತಿರುಗಿಸಿಕೊಂಡರು. ಹೋಗಬೇಡಿ ಎನ್ನಲಿಲ್ಲ, ಬರುತ್ತೇವೆ ಎಂದೂ ಅನ್ನಲಿಲ್ಲ.

ಹೊರಗೆ ಬೀದಿಯಲ್ಲಿ ಮಣಿಕಂಠ ಗಡಿಯಾರವನ್ನು ಚೀಲಕ್ಕೆ ಹಾಕಿದ. ಆಮೇಲೆ ನಡೆದದ್ದನ್ನು ಯಳಂದೂರು ಇಂದಿಗೂ ಮರೆತಿಲ್ಲ. ಅವನು ಎದೆಯುಬ್ಬಿಸಿ, ಯಶೋದಾ, ನೀನಿಲ್ಲದೆ ನಾನಿಲ್ಲ ಎಂದು ಗುಡುಗಿದ. ಬಿಳಿಗಿರಿರಂಗನ ಬೆಟ್ಟ ಅದನ್ನು ಏಳು ಸಲ ಮಾರ್ದನಿಸಿತು. ಬಸ್ಸುಗಳು ಬ್ರೇಕು ಹಾಕಿದವು. ಕಂಡಕ್ಟರುಗಳು ಶಿಳ್ಳೆ ಹೊಡೆದರು. ಯಶೋದ ನಾಚಿ, ಕರಗಿ, ಅವನ ಎದೆಗೆ...

"ಯಾರ ಎದೆಗೆ?"

ಬರೆಯುತ್ತಿದ್ದ ಬೆರಳು ಫೋನಿನ ಮೇಲೆಯೇ ನಿಂತಿತು. ಹೆಗಲ ಹಿಂದೆ ಯಶೋದ, ಕೈಯಲ್ಲಿ ಅರ್ಧ ಕಟ್ಟಿದ ಕುಚ್ಚು. ಎಷ್ಟು ಹೊತ್ತಿನಿಂದ ಓದುತ್ತಿದ್ದಳೋ.

"ಒಂದ್ ಸ್ವಲ್ಪ ಸೇರ್ಸಿವ್ನಿ ಕಣೆ," ಎಂದ ಕಥೆಗಾರ ಮಣಿಕಂಠ. "ಓದೋರ್ಗೆ ಚೆಂದ ಇರ್ಲಿ ಅಂತ."

"ನಡೆದದ್ದು ಬರೀರಿ."

ಸಿಕ್ಕಿಬಿದ್ದ ಮೇಲೆ ಇನ್ನೇನು. ನಡೆದದ್ದು ಇಷ್ಟು: ಅವನು ಗುಡುಗಲಿಲ್ಲ. ಬೈಕು ಒದೆಯುತ್ತ, ಸ್ಟಾರ್ಟ್ ಮಾಡಲಾಗದೆ, ಹೆಲ್ಮೆಟ್ಟಿನೊಳಗೆ ಬೆವರುತ್ತ ನಿಂತಿದ್ದ. ಹೇಳಬೇಕೆಂದುಕೊಂಡ ಒಂದು ಮಾತೂ ಹೊರಡಲಿಲ್ಲ. ವಾಪಸಾತಿಗೆ ಸೈನ್ ಬೇಕು ಮೇಡಂ ಎಂದು ಫೋನು ಚಾಚಿದ. ಅವಳು ಬೆರಳಿನಲ್ಲಿ ಸೈನ್ ಹಾಕಿದಳು. ಫೋನು ಹಿಂದಕ್ಕೆ ಕೊಡಲಿಲ್ಲ.

"ನಾನು ಬ್ಯಾಡ ಅಂದ್ರೆ ಇಷ್ಟು ಜನಕ್ಕೆ ಕೇಳುಸ್ನಿಲ್ಲ," ಎಂದಳು. "ನಿಮ್ಗೆ ಕೇಳುಸ್ತದಾ?"

"ಒಂದೇ ಸಲಕ್ಕೆ ಕೇಳುಸ್ತದೆ."

"ಬೇಕು ಅಂದ್ರೆ?"

ಅವನು ಹೆಲ್ಮೆಟ್ ತೆಗೆದ. ಕಣ್ಣಲ್ಲಿ ನೀರಿತ್ತು. ಬೆವರು ಎಂದು ಬರೆಯಬೇಕೆಂದಿದ್ದ, ಅವಳು ಬಿಡಲಿಲ್ಲ.

"ಇನ್ನೊಂದ್ ಸಲ ಯೋಳಿ," ಎಂದ.