ಗೆರೆಗೆ ಸಿಗದ ಗುಂಡು

ದುರಗಮ್ಮ ನಮ್ಮ ಗಂಗಾವತಿಯ ಮನೆಗೆ ಬಂದಾಗ ಹಾಲಿನವನು ಕೂಡ ಇನ್ನೂ ಬಂದಿರಲಿಲ್ಲ. ಮರಳಿಯಿಂದ ಮೊದಲ ಬಸ್ಸಿಗೆ ಹತ್ತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಾನು ಕೊಟ್ಟ ನೀರಿನ ಲೋಟ ಅವಳ ಹಲ್ಲಿಗೆ ತಾಗಿ ಟಕಟಕ ಸದ್ದು ಮಾಡುತ್ತಿತ್ತು.

"ನನ್ನ ಮಗನ್ನ ಹೊಡದು ಸಾಯಿಸ್ತಾರ್ರಿ ಬಾಯಾರ," ಎಂದಳು. "ಒಳಗ ಹಾಕಿ ಕೀಲಿ ಜಡದು ಬಂದೀನಿ. ಆ ಕೀಲಿ ಎಷ್ಟೊತ್ತು ತಡೀತೈತಿ?"

ಅವಳು ಮಾತಾಡುತ್ತಿದ್ದುದು ನೂರಜಾನಬಿಯ ಜೊತೆ. ನಾನು ಮತ್ತು ನೂರಜಾನಬಿ ಒಂದೇ ಪದವಿಪೂರ್ವ ಕಾಲೇಜಿನಲ್ಲಿ ಪಾಠ ಹೇಳುವವರು. ನಾನು ಕನ್ನಡ, ಅವಳು ಗಣಿತ. ಬಾಡಿಗೆ ಮನೆಯೂ ಒಂದೇ. ಊರವರ ಕಗ್ಗಂಟುಗಳು ಪೊಲೀಸರಿಗಿಂತ ಮೊದಲು ನಮ್ಮ ಪಡಸಾಲೆಗೆ ಬರುವುದು ಆಗಲೇ ರೂಢಿಯಾಗಿತ್ತು. ದುರಗಮ್ಮನ ಮಗ ಸಿದ್ದಾರ್ಥ ನಮ್ಮದೇ ವಿದ್ಯಾರ್ಥಿ, ನೂರಜಾನಬಿಗೆ ಬಲು ಮೆಚ್ಚಿನವನು.

ದುರಗಮ್ಮ ಹೇಳಿದ್ದು ಇಷ್ಟು. ಅವಳ ಮನೆಯ ಹಿಂದೆ ಗುರುಬಸವನ ದೊಡ್ಡ ಮನೆ. ಅವನ ಹೆಂಡತಿ ಶಿವಲೀಲಾ ಊರಿನ ಮಕ್ಕಳಿಗೆ ಸಂಜೆ ಪಾಠ ಹೇಳುತ್ತಾಳೆ. ಕೂಲಿಯವರ ಮಕ್ಕಳೂ ಸಾಹುಕಾರರ ಮಕ್ಕಳೂ ಅಲ್ಲಿ ಒಂದೇ ಚಾಪೆಯ ಮೇಲೆ ಕೂರುತ್ತಾರೆ, ಸಿದ್ದಾರ್ಥನೂ ಹೋಗುತ್ತಾನೆ. ಕೆಲವು ದಿನಗಳಿಂದ ಬೆಳಿಗ್ಗೆ ಬಾಗಿಲು ತೆರೆದರೆ ಆ ಮನೆಯ ಹೊಸ್ತಿಲ ಮೇಲೆ ಕಬ್ಬಿಣದ ಗುಂಡು ಸಿಗತೊಡಗಿತ್ತು. ಟ್ರ್ಯಾಕ್ಟರಿನ ಬೇರಿಂಗಿನಲ್ಲಿರುತ್ತದಲ್ಲ, ಅಂಥದು. ಯಾರಿಟ್ಟರು, ಯಾಕಿಟ್ಟರು, ಯಾರಿಗೂ ತಿಳಿಯದು. ಶಿವಲೀಲಾ ಹೆದರಿ ಊಟ ಬಿಟ್ಟಿದ್ದಳು. ಹಿಂದಿನ ಸಂಜೆ ಕರೆಂಟು ಹೋಗಿದ್ದಾಗ ಪಾಠದ ಕೋಣೆಯ ಕಿಟಕಿಯ ಗಾಜು ಒಡೆದಿತ್ತು. ಅವಳು ಕೂರುವ ಕುರ್ಚಿಯ ಹಿಂದಿನ ಗೋಡೆಯಲ್ಲಿ, ತಲೆಯ ಮಟ್ಟದಲ್ಲಿ, ಗುಂಡು ಬಡಿದ ಗುಳಿ ಬಿದ್ದಿತ್ತು. ಆಗತಾನೇ ಎದ್ದು ಅಡುಗೆಮನೆಗೆ ಹೋಗಿದ್ದರಿಂದ ಜೀವ ಉಳಿಯಿತು.

ಗುಳಿಯಿಂದ ಕಿಟಕಿಯ ತೂತಿನ ಮೂಲಕ ಕಣ್ಣು ಹಾಯಿಸಿದರೆ ಎದುರಿಗೆ ಕಾಣುವುದು ದುರಗಮ್ಮನ ಮಾಳಿಗೆ. ಅಲ್ಲಿ ಕೂತು ಓದುವವನು ಸಿದ್ದಾರ್ಥ. ಭತ್ತದ ಗದ್ದೆಯ ಹಕ್ಕಿ ಓಡಿಸಲು ಅವನು ಇಟ್ಟುಕೊಂಡಿರುವುದು ರಬ್ಬರಿನ ಕವಣೆ, ಬೇರಿಂಗಿನ ಗುಂಡು.

ನೂರಜಾನಬಿ ಒಂದೇ ಒಂದು ಪ್ರಶ್ನೆ ಕೇಳಿದಳು. ಆ ಕಿಟಕಿಗೆ ಸೊಳ್ಳೆ ಜಾಲರಿ ಇದೆಯೇ ಎಂದು. ಇದೆ ಎಂದಳು ದುರಗಮ್ಮ.

ನಾವು ಮೂವರೂ ಮರಳಿಯಲ್ಲಿ ಬಸ್ಸಿಳಿದೆವು. ದುರಗಮ್ಮನ ಮನೆಯ ಮುಂದೆ ಗಂಡಸರು ಗುಂಪಾಗಿ ನಿಂತಿದ್ದರು. ಗದ್ದಲವಿರಲಿಲ್ಲ, ಯಾರೂ ಬೈಯುತ್ತಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಕೆಲವರ ಕೈಯಲ್ಲಿ ಬಡಿಗೆ. ಕಿಂಡಿಯ ಹಿಂದೆ ಸಿದ್ದಾರ್ಥನ ಒಂದು ಕಣ್ಣು ಕಂಡಿತು, ಮರುಗಳಿಗೆ ಮರೆಯಾಯಿತು. ನೂರಜಾನಬಿ ಸೆರಗು ಬಿಗಿದುಕೊಂಡು ಗುಂಪಿನ ನಡುವೆಯೇ ನಡೆದಳು. ನಾನು ಪೊಲೀಸ್ ಠಾಣೆಗೆ ಫೋನು ಮಾಡಿದೆ. ಜೀಪು ಬೇರೆ ಊರಿಗೆ ಹೋಗಿದೆ, ಬರುತ್ತದೆ ಎಂದರು.

ಪಾಠದ ಕೋಣೆಗೆ ನಮ್ಮನ್ನು ಕರೆದೊಯ್ದವನು ಗುರುಬಸವನ ಅಣ್ಣ ಹಾಲೇಶ. ಮೆಲುದನಿಯ, ಮರ್ಯಾದೆಯ ಮನುಷ್ಯ. ಕಿಟಕಿಗೆ ಎದುರಾಗಿ ಎರಡು ಬಾಗಿಲು. ಒಂದು ಅಡುಗೆಮನೆಗೆ, ಇನ್ನೊಂದು ಹಾಲೇಶನ ಕೋಣೆಗೆ. ಎರಡರ ನಡುವಿನ ಗೋಡೆಗೆ ಶಿವಲೀಲಾಳ ಕುರ್ಚಿ. ಗಾಜು ಒಡೆದಾಗ ಯಾರು ಎಲ್ಲಿದ್ದರೆಂದು ನೂರಜಾನಬಿ ಕೇಳಿದಳು. ಗುರುಬಸವ ಮುಂದಿನ ಕಟ್ಟೆಯ ಮೇಲೆ ನೆರೆಯವರ ಜೊತೆ ಕೂತಿದ್ದ. ಶಿವಲೀಲಾ ಮತ್ತು ಅತ್ತೆ ವಿರೂಪಾಕ್ಷಮ್ಮ ಅಡುಗೆಮನೆಯಲ್ಲಿ. ಹಾಲೇಶನ ಮಗಳು ಸುರೇಖಾ ಕಾಲೇಜಿನಿಂದ ಇನ್ನೂ ಬಂದಿರಲಿಲ್ಲ. ತಾನು ತನ್ನ ಕೋಣೆಯಲ್ಲಿ ಮಲಗಿದ್ದೆ, ಸದ್ದು ಕೇಳಿ ಮೊದಲು ಓಡಿಬಂದವನು ತಾನೇ ಎಂದ ಹಾಲೇಶ. ಅಂದು ಪಾಠವಿರಲಿಲ್ಲ, ಅತ್ತೆ-ಸೊಸೆ ಮಧ್ಯಾಹ್ನವೆಲ್ಲ ಗಂಗಾವತಿಯ ಸಂತೆಗೆ ಹೋಗಿದ್ದರಂತೆ.

ಶಿವಲೀಲಾ ಮೂಲೆಯಲ್ಲಿ ಗೋಡೆಗೆ ಬೆನ್ನು ಒತ್ತಿ ನಿಂತಿದ್ದಳು. ಹೊರಗೆ ಯಾರೋ ಕೆಮ್ಮಿದರೂ ಬೆಚ್ಚುತ್ತಿದ್ದಳು.

ನೂರಜಾನಬಿ ಹಿಂದಿನ ಸಂಜೆ ಕುರ್ಚಿಯ ಬಳಿ ನೆಲದಲ್ಲಿ ಸಿಕ್ಕಿದ್ದ ಗುಂಡನ್ನು ಇಸಿದುಕೊಂಡು ಗೋಡೆಯ ಗುಳಿಯಲ್ಲಿಟ್ಟಳು. ಅದು ಸರಿಯಾಗಿ ಅರ್ಧ ಒಳಗೆ ಕೂತಿತು. ಗುಳಿಯ ಅಂಚು ಬಳೆಯ ಹಾಗೆ ದುಂಡಗಿತ್ತು. ಆಮೇಲೆ ಕಿಟಕಿ ನೋಡಿದಳು. ಗಾಜು ಪೂರ್ತಿ ಉದುರಿರಲಿಲ್ಲ. ನಿಂಬೆಹಣ್ಣು ಹಿಡಿಸುವಷ್ಟು ತೂತು, ಸುತ್ತ ಬಿರುಕು. ಅದರಾಚೆ ಜಾಲರಿಯಲ್ಲೂ ಒಂದು ತೂತು. ಹರಿದ ತಂತಿಯ ತುದಿಗಳನ್ನು ಅವಳು ಬೆರಳಿನಿಂದ ಮೆಲ್ಲಗೆ ಮುಟ್ಟಿದಳು. ನಂತರ ನನ್ನ ಕಡೆ ತಿರುಗಿ, ಬಟ್ಟೆ ಹೊಲಿಯುವ ದಾರದ ಉಂಡೆ ತರಲು ಹೇಳಿದಳು.

ದಾರವನ್ನು ಜಾಲರಿಯ ತೂತಿಗೆ ಕಟ್ಟಿ, ಗಾಜಿನ ತೂತಿನಲ್ಲಿ ಹಾಯಿಸಿ, ಅಂಚಿಗೆ ತಾಗದಂತೆ ಬಿಗಿಯಾಗಿ ಎಳೆದು ಕೋಣೆಯೊಳಗೆ ಹಿಂದೆ ಹಿಂದೆ ನಡೆದಳು. ಎಲ್ಲಿಗೆ ಬಂದು ನಿಂತಳೆಂದು ನಾನು ನೋಡಿದೆ. ಅವಳು ದಾರ ಸುತ್ತಿಕೊಂಡು, ಊರ ಹಿರಿಯರನ್ನೂ ಮನೆಯವರನ್ನೂ ಕೋಣೆಗೆ ಕರೆಸಿ ಎಂದಳು. ಅಷ್ಟರಲ್ಲಿ ಹೊರಗೆ ದುರಗಮ್ಮನ ಮನೆಯ ಬಾಗಿಲಿಗೆ ಏನೋ ಬಡಿದ ಸದ್ದಾಯಿತು. ನಮ್ಮ ಜೊತೆಯಲ್ಲಿದ್ದ ದುರಗಮ್ಮ ಕಿಟಕಿಗೆ ಓಡಿದಳು.

ಹಿರಿಯರು ಬಂದರು. ಬಡಿಗೆ ಹಿಡಿದವರು ಬಾಗಿಲಲ್ಲೇ ನಿಂತರು.

"ನೀವೆಲ್ಲಾ ಎರಡು ಬಿಂದು ನೋಡೀರಿ," ನೂರಜಾನಬಿ ಶುರು ಮಾಡಿದಳು. "ಗೋಡಿ ಮ್ಯಾಲಿನ ಗುಳಿ ಒಂದು, ಗಾಜಿನ ತೂತು ಒಂದು. ಯಾವ ಎರಡು ಬಿಂದು ಹಿಡದ್ರೂ ಒಂದು ಗೆರಿ ಸಿಗತೈತ್ರಿ. ಅದು ಖರೇನೋ ಸುಳ್ಳೋ ಹೇಳಾಕ ಮೂರನೇದು ಬೇಕು. ಆ ಮೂರನೇದು ಜಾಲರಿ."

ದುರಗಮ್ಮನ ಮಾಳಿಗೆಯಿಂದ ಗುಂಡು ಹಾರಿದ್ದರೆ ಜಾಲರಿ, ಗಾಜು, ಗೋಡೆ ಮೂರೂ ಒಂದೇ ನೇರದಲ್ಲಿರಬೇಕು ಎಂದು ವಿವರಿಸಿದಳು. ಜಾಲರಿಯಿಂದ ಗಾಜಿಗೆ ಹೋಗುವ ದಿಕ್ಕನ್ನೇ ಉದ್ದಮಾಡಿದರೆ ಅದು ಗುಳಿಗೆ ಬಂದು ಮುಟ್ಟಬೇಕು. ಎಲ್ಲರೆದುರು ದಾರ ಹಿಡಿದು ತೋರಿಸಿದಳು. ದಾರ ಕುರ್ಚಿಯ ಹತ್ತಿರವೂ ಸುಳಿಯಲಿಲ್ಲ. ಅಂದಮೇಲೆ ಗಾಜು ಒಡೆದ ಗುಂಡು ಬೇರೆ, ಗೋಡೆಯ ಗುಳಿ ಬೇರೆ.

ಗುಳಿಯೂ ಅದನ್ನೇ ಹೇಳುತ್ತಿತ್ತು. ಮಾಳಿಗೆಯಿಂದ ಇಳಿಜಾರಾಗಿ, ಓರೆಯಾಗಿ ಬಂದ ಗುಂಡು ಗಿಲಾವನ್ನು ಕೆರೆದುಕೊಂಡು ಹೋಗಿ ಮೊಟ್ಟೆಯಾಕಾರದ ಗುರುತು ಮಾಡುತ್ತದೆ. ಇದು ಅಚ್ಚು ಹಾಕಿದಂಥ ಅರ್ಧಗೋಳ. ಗುಂಡನ್ನು ಗೋಡೆಗೆ ನೆಟ್ಟಗೆ ಒತ್ತಿಹಿಡಿದು ಸುತ್ತಿಗೆಯಿಂದ ಹೊಡೆದರೆ ಮಾತ್ರ ಹಾಗೆ ಬೀಳಲು ಸಾಧ್ಯ. ಮಧ್ಯಾಹ್ನ ಹೆಂಗಸರು ಸಂತೆಗೆ ಹೋಗಿದ್ದಾಗ ಯಾರೋ ಒಳಗಿನವರೇ ಅದನ್ನು ಮಾಡಿಟ್ಟರು. ಸಂಜೆ ಬಂದ ಶಿವಲೀಲಾ ಕತ್ತಲಲ್ಲಿ, ಗೋಡೆಗೆ ಬೆನ್ನು ಮಾಡಿ ಕೂತಳು, ಅದು ಕಾಣಲಿಲ್ಲ.

"ಹಂಗಾರ ಗಾಜು ಒಡದಾವ್ರು ಯಾರು?" ಹಿರಿಯರೊಬ್ಬರು ಕೇಳಿದರು.

"ಜಾಲರಿ ತಂತಿ ಹೊರಗ ಬಾಗ್ಯಾವು. ಗುಂಡು ಹೊರಗಿಂದ ಒಳಗ ಬಂದಿಲ್ರಿ, ಒಳಗಿಂದ ಹೊರಗ ಹೋಗೈತಿ. ಗೆರಿ ಒಂದ, ದಿಕ್ಕು ಉಲ್ಟಾ. ನಾನು ಕ್ಲಾಸಿನ್ಯಾಗ ಹುಡುಗರಿಗೆ ದಿನಾ ಹೇಳೋದು ಇದನ್ನ. ಒಂದ ಗೆರಿ ಮ್ಯಾಲ ಎರಡು ಸದಿಶ, ಅಂದ್ರ ದಿಕ್ಕಿನ ಬಾಣ, ಎದುರುಬದುರು ಇರಬಹುದು."

ಅವಳು ದಾರವನ್ನು ಮತ್ತೆ ಎಳೆದಳು. ಅದರ ತುದಿ ಎದೆಯ ಎತ್ತರದಲ್ಲಿ, ಹಾಲೇಶನ ಕೋಣೆಯ ಬಾಗಿಲ ನಡುವೆ ಬಂದು ನಿಂತಿತು. ಅಡುಗೆಮನೆಯ ಬಾಗಿಲು ಅಲ್ಲಿಂದ ದೂರವಿತ್ತು. ಆ ಹೊತ್ತಿನಲ್ಲಿ ಆ ಕೋಣೆಯಲ್ಲಿದ್ದವನು ಒಬ್ಬನೇ.

ಹಾಲೇಶ ನಕ್ಕ. "ದಾರ ಎತ್ತ ಎಳದ್ರ ಅತ್ತ ಬರತೈತಿ. ಗಣಿತದ ಆಟಕ್ಕ ನನ್ನ ಮಾನ ಕಳೀಬ್ಯಾಡ್ರಿ."

ಬಾಗಿಲಲ್ಲಿದ್ದವರು ಗೊಣಗಿದರು. ಒಬ್ಬ ಒಳಗೆ ಕಾಲಿಟ್ಟ. ಆ ಗಳಿಗೆ ನನಗೆ ಓಡಿಹೋಗಬೇಕೆನಿಸಿತು.

"ಖರೇ," ಎಂದಳು ನೂರಜಾನಬಿ. "ಅದಕ್ಕ ಇನ್ನೊಂದು ಬಿಂದು ತೋರಸ್ತೀನಿ. ಇದ ಗೆರಿ ಹೊರಗ ಹೋದ್ರ ಹಿತ್ತಲದ ಬಣವಿಗೆ ಬಡೀತೈತಿ. ಗುಂಡು ಅಲ್ಲಿ ಇರಬೇಕು. ಇರಲಿಲ್ಲಂದ್ರ ನನ್ನ ಮಾತು ಸುಳ್ಳು."

ಗುರುಬಸವ ಅಣ್ಣನ ಮುಖ ನೋಡಿದ. ಆಮೇಲೆ ಹಿತ್ತಲಿಗೆ ನಡೆದ. ನಾನು ಜಾಲರಿಯ ಬಳಿ ಕಣ್ಣಿಟ್ಟು ಗುರುತು ಹೇಳಿದೆ, ಅವನು ಬಣವೆಯ ಮೇಲೆ ಕೈ ಇಟ್ಟು ಹುಲ್ಲು ಕೀಳತೊಡಗಿದ. ಹಿಡಿಹಿಡಿಯಾಗಿ ಹುಲ್ಲು ಹೊರಬಂತು, ಗುಂಡು ಬರಲಿಲ್ಲ. ಬಡಿಗೆಯವರು ಹಿತ್ತಲ ಸುತ್ತ ಸೇರಿದರು. ನೂರಜಾನಬಿ ಮನಸ್ಸಿನಲ್ಲೇ ಏನೋ ಲೆಕ್ಕ ಮಾಡಿ, ಗುಂಡು ಹಾರುತ್ತಾ ತುಸು ಕೆಳಗಿಳಿದಿರುತ್ತದೆ, ಒಂದು ಗೇಣು ಕೆಳಗೆ ನೋಡಿ ಎಂದಳು.

ಗುರುಬಸವ ತೋಳು ಮುಳುಗುವಷ್ಟು ಒಳಗೆ ಕೈ ಹಾಕಿದ. ಹೊರಗೆಳೆದಾಗ ಅವನ ಅಂಗೈಯಲ್ಲಿ ಕಬ್ಬಿಣದ ಗುಂಡು ಹೊಳೆಯುತ್ತಿತ್ತು. ನೆಲದಲ್ಲಿ ಸಿಕ್ಕಿದ್ದರ ಜೋಡಿ.

ಮೊದಲು ಮಾತಾಡಿದವರು ವಿರೂಪಾಕ್ಷಮ್ಮ. "ಸಣ್ಣಾವಿದ್ದಾಗ ಗದ್ದಿ ಕಾಯಾಕ ಕಳಸ್ತಿದ್ದೆ," ಎಂದರು ದೊಡ್ಡ ಮಗನ ಕಡೆ ನೋಡದೆ. "ಕವಣಿ ಹಿಡದ್ರ ಇವನ ಗುರಿ ಒಮ್ಮೀನೂ ತಪ್ಪಿದ್ದಿಲ್ಲ."

ಹಾಲೇಶ ಹಿತ್ತಲ ಕಟ್ಟೆಯ ಮೇಲೆ ಕೂತುಬಿಟ್ಟ. ಮಗಳು ಸಿದ್ದಾರ್ಥನ ಜೊತೆ ಒಂದೇ ಚಾಪೆಯಲ್ಲಿ ತಲೆ ತಗ್ಗಿಸಿ ಕೂತು ಮಾತಾಡುವುದನ್ನು ಅವನು ಕಂಡಿದ್ದ. ಪಾಠ ನಿಲ್ಲಿಸು ಎಂದು ತಮ್ಮನ ಹೆಂಡತಿಗೆ ಹೇಳಿದರೆ ಕೇಳುತ್ತಿರಲಿಲ್ಲ. ಹೆದರಿಸಿದರೆ ಪಾಠ ನಿಲ್ಲುತ್ತದೆ, ಹುಡುಗನ ತಲೆಗೆ ಕಟ್ಟಿದರೆ ಅವನು ಊರು ಬಿಡುತ್ತಾನೆ ಎಂದು ಎಣಿಸಿದ್ದ. ಯಾರನ್ನೂ ಕೊಲ್ಲುವ ಮನಸ್ಸು ತನಗಿರಲಿಲ್ಲ, ಅವಳು ಎದ್ದು ಹೋಗುವುದನ್ನು ಕಾದೇ ಹೊಡೆದೆ, ನೆಲದ ಮೇಲಿನ ಗುಂಡು ಓಡಿಬಂದಾಗ ತಾನೇ ಬೀಳಿಸಿದ್ದು ಎಂದ.

"ಇವರು ಬಡಿಗಿ ಹಿಡದು ಬರ್ತಾರಂತ ನಿಮಗ ಗೊತ್ತಿರಲಿಲ್ಲೇನ್ರಿ?" ನೂರಜಾನಬಿ ಕೇಳಿದಳು. ಗುಂಪಿನವರು ಒಬ್ಬೊಬ್ಬರಾಗಿ ಕೈಯಲ್ಲಿದ್ದುದನ್ನು ಬೇಲಿಯಾಚೆ ಜಾರಿಸಿ ಹೊರಟರು.

ಸುರೇಖಾ ಆಗ ಬಾಗಿಲಿಗೆ ಬಂದಳು. "ನಾನು ಅವನ ಹತ್ರ ಲೆಕ್ಕ ಹೇಳಿಸ್ಕೊಂತಿದ್ದೆ, ಅಪ್ಪಾ," ಎಂದಳು. "ಅಷ್ಟ."

ಜೀಪು ಬಂದಾಗ ಇನ್ಸ್‌ಪೆಕ್ಟರ್ ಮನೆಯ ಮಾನದ ಮಾತೆತ್ತಿ, ಒಳಗೊಳಗೇ ಬಗೆಹರಿಸಿಕೊಳ್ಳುತ್ತೀರಾ ಎಂದು ವಿರೂಪಾಕ್ಷಮ್ಮನನ್ನು ಕೇಳಿದರು. ಆಕೆ ದುರಗಮ್ಮನ ಕಡೆ ಒಮ್ಮೆ ನೋಡಿದರು. "ಆಕಿ ಮಗ ಆಗಿದ್ರ ಕೇಳ್ತಿದ್ರೇನು? ಹೆಸರು ಬರ್ಕೊಳ್ರಿ," ಎಂದರು.

ನಾವು ಹೊರಡುವಾಗ ಸಂಜೆಯಾಗಿತ್ತು. ಸಿದ್ದಾರ್ಥ ಹೊರಬಂದು ತಾಯಿಯ ಪಕ್ಕ ಕೂತಿದ್ದ. ಶಿವಲೀಲಾ ಬಸ್ಸಿನವರೆಗೆ ನಮ್ಮ ಜೊತೆ ಬಂದಳು. ಇನ್ನು ಭಯವಿಲ್ಲವಲ್ಲ ಎಂದೆ ನಾನು, ಸಮಾಧಾನಕ್ಕೆ.

ಅವಳು ಒಮ್ಮೆ ತಿರುಗಿ ತನ್ನ ಮನೆಯ ಕಡೆ ನೋಡಿದಳು.

"ಹೊರಗಿನಾಂವ ಅಂತ ತಿಳ್ಕೊಂಡಾಗ ಕದಾ ಹಾಕ್ಕೊಂಡು ಮಲಗ್ತಿದ್ದೆ, ಅಕ್ಕಾರ," ಎಂದಳು. "ಇನ್ನ ಯಾವ ಕದಾ ಹಾಕ್ಲಿ?"

ನೂರಜಾನಬಿ ಶಿವಲೀಲಾಳ ಎರಡೂ ಕೈ ಹಿಡಿದುಕೊಂಡು, ಬಂದ ಬಸ್ಸನ್ನು ಹೋಗಲು ಬಿಟ್ಟು, ಮುಂದಿನದು ಬರುವವರೆಗೂ ಅಲ್ಲೇ ನಿಂತಳು.